ಇಬ್ಬನಿ ಮಿಷೀನಿನ ಚಿಕ್ಕರಂಗ

ಕೂತ್ಕೊಳ್ರಿ, ಕೂತ್ಕೊಳ್ರಿ. ಕಾಯಿ ಸುಲಿಯೋರು ಸುಲೀತಾ ಇರಿ, ಬಾಯಿ ಮಾತ್ರ ಮುಚ್ಕೊಂಡಿರಿ. ಈ ಕತೆಗೆ ನಗಬಹುದು, ನಾನೇನು ಬೇಡ ಅನ್ನಲ್ಲ. ಆದ್ರೆ ಚಿಕ್ಕರಂಗನ್ನ ಕಂಡು ಮೂಗು ಮುರಿಯೋರು ಈಗಲೇ ಎದ್ದು ಹೋಗಿ, ಮನೇಲಿ ಕದ ಹಾಕ್ಕೊಂಡು ಮುರೀರಿ. ಮೊದಲೇ ಹೇಳಿದ್ದೀನಿ. ಆಮೇಲೆ ಗೌರಜ್ಜಿ ಎಲ್ಲರ ಮುಂದೆ ಬೈದ್ಬಿಟ್ಳು ಅನ್ನಬೇಡಿ.

ಹುಣಸೆಕಟ್ಟೇಲಿ ಒಬ್ಬಳು ಕೆಂಪಮ್ಮ. ಕೆಂಪಮ್ಮಂಗೆ ಒಬ್ಬನೇ ಮಗ, ಚಿಕ್ಕರಂಗ. ಆಳು ನೋಡಿದ್ರೆ ತೆಂಗಿನ ಮರ. ಬುದ್ಧಿ? ಬುದ್ಧಿ ಇನ್ನೂ ಎಳನೀರು! ಕೆಟ್ಟೋನಲ್ಲ. ಸೋಂಬೇರಿ ಅಲ್ಲ. ಎದುರು ಮಾತಾಡೋನೂ ಅಲ್ಲ. ಹೇಳಿದ್ದನ್ನ ಹೇಳಿದಂಗೆ ಮಾಡೋನು. ಬಂದಿದ್ದೇ ಅಲ್ಲಿ ಕಷ್ಟ.

"ಕರು ಹಿಡ್ಕೊಂಡು ಬಾ ಮಗಾ. ಏನೇ ಆಗ್ಲಿ, ಹಗ್ಗ ಮಾತ್ರ ಬಿಡಬೇಡ" ಅಂದ್ಳು ತಾಯಿ. ಕರು ಕತ್ತು ಕೊಸರ್ಕೊಂಡು ಓಡ್ತು. ಇವ್ನು ಹಗ್ಗ ಹಿಡ್ಕೊಂಡು ಮನೆಗೆ ಬಂದ.

"ಕರು ಎಲ್ಲೋ?"

"ಓಡೋಯ್ತು."

"ನೀನೇನು ಮಾಡ್ತಿದ್ದೆ?"

"ಹಗ್ಗ ಬಿಟ್ಟಿಲ್ಲ ಕಣವ್ವಾ!"

"ಅಯ್ಯೋ ನನ್ನ ಹಣೆಬರವೇ!" ಅಂತ ಕೆಂಪಮ್ಮ ಹಣೆ ಹಣೆ ಚಚ್ಕೊಂಡ್ಳು. ಆದ್ರೆ ಅದು ಮನೆ ಒಳಗೆ. ಹೊಸ್ತಿಲು ದಾಟಿದ್ಳು ಅಂದ್ರೆ ಕೆಂಪಮ್ಮನೇ ಬೇರೆ. ಬೀದೀಲಿ ಯಾರಾದ್ರೂ ಅವಳ ಮಗನ್ನ ಪೆದ್ದ ಅಂದ್ರೆ ಸೆರಗು ಸೊಂಟಕ್ಕೆ ಸಿಗಿಸಿ ನಿಂತ್ಬಿಡೋಳು. "ಹೂಂ ಕಣೇ, ಪೆದ್ದ! ನನ್ನ ಪೆದ್ದ! ನಿನ್ನ ಮನೆಗೆ ಬಂದು ಅನ್ನ ಕೇಳಿದ್ನಾ? ನಿನ್ನ ಮಗನ ಥರ ಸುಳ್ಳು ಹೇಳಿದ್ನಾ? ಹೋಗೇ, ನಿನ್ನ ಜಾಣನ್ನ ನೀನು ನೋಡ್ಕೋ!" ಅವಳ ಬಾಯಿಗೆ ಹೆದರಿ ಊರು ಬೆನ್ನ ಹಿಂದೆ ನಗೋದು ಕಲೀತು.

ಊರ ಹೊರಗೆ ನಮ್ಮ ಮಹಿಳಾ ಸಂಘದ ಫ್ಯಾಕ್ಟರಿ. ಕಾಯಿ ತುರಿದು, ಹಾಲು ಹಿಂಡಿ, ಆ ಹಾಲನ್ನ ಒಣಗಿಸಿ ಪುಡಿ ಮಾಡಿ, ಗಾಳೀಲಿ ಊದಿ ಊದಿ ಚೀಲಕ್ಕೆ ತುಂಬೋದು. ಕೆಂಪಮ್ಮ ಅಲ್ಲಿ ಹಾಲು ಹಿಂಡೋ ಕಡೆ ಮೇಸ್ತ್ರಿ. ಗಂಡ ಸತ್ತ ಮೇಲೆ ಕಂಡೋರ ತೋಟದಲ್ಲಿ ತೆಂಗಿನ ಸೋಗೆ ಹೊತ್ತು ಹೊತ್ತು ಬಗ್ಗಿ ಹೋಗಿದ್ದ ಹೆಂಗಸು, ಆ ಫ್ಯಾಕ್ಟರೀಲಿ ಬೆನ್ನು ನೆಟ್ಟಗೆ ಮಾಡಿದ್ಳು. ಅಲ್ಲಿ ಅವಳಿಗೆ ಅಂತ ಒಂದು ಕುರ್ಚಿ ಇತ್ತು. ಅಲ್ಲೀವರೆಗೂ ಅವಳು ಯಾರ ಮುಂದೇನೂ ಕುರ್ಚೀಲಿ ಕೂತೋಳೇ ಅಲ್ಲ.

ಒಂದಿನ ಬಿಸ್ಕತ್ತಿನ ಕಂಪನಿಯೋರು ಹೇಳಿ ಕಳಿಸಿದ್ರು. ನಿಮ್ಮ ಪುಡಿ ಚೆನ್ನಾಗಿದೆ, ವರ್ಷಪೂರ್ತಿ ತಗೋತೀವಿ. ಆದ್ರೆ ಪುಡಿ ಊದೋ ಗಾಳೀಲಿ ತೇವ ಇರಕೂಡದು, ಇದ್ರೆ ಪುಡಿ ಗಂಟು ಕಟ್ಟುತ್ತೆ. ಗಾಳಿ ಎಷ್ಟು ಒಣಗಿದೆ ಅಂತ ಮಿಷೀನು ಇಟ್ಟು ತೋರಿಸಿ, ನಮ್ಮ ಸಾಹೇಬ್ರು ಬಂದು ನೋಡ್ತಾರೆ ಅಂತ. ಸರಿ, ಮಿಷೀನು ಬಂತು. ಕೂರಿಸೋಕೆ ಫಣೀಂದ್ರ ಅನ್ನೋ ಇಂಜಿನಿಯರೂ ಬಂದ. ಎಲ್ಲರನ್ನೂ ನಿಲ್ಲಿಸ್ಕೊಂಡು ಹೇಳ್ದ.

"ಬೆಳಗ್ಗೆ ಹುಲ್ಲಿನ ಮೇಲೆ ಇಬ್ಬನಿ ಬೀಳಲ್ವಾ ತಾಯಿ? ಈ ಡಬ್ಬದ ಒಳಗೂ ಹಾಗೇ. ಒಳಗೆ ಕಾಸಿನಗಲ ಕನ್ನಡಿ ಇದೆ. ಮಿಷೀನು ಅದನ್ನ ತಣ್ಣಗೆ, ಇನ್ನೂ ತಣ್ಣಗೆ ಮಾಡ್ತಾ ಹೋಗುತ್ತೆ. ನಿಮ್ಮ ಗಾಳಿ ಅದರ ಮೇಲೆ ಹಾದು ಹೋಗುತ್ತೆ. ಎಷ್ಟು ತಣ್ಣಗಾದಾಗ ಕನ್ನಡಿ ಮೇಲೆ ಇಬ್ಬನಿ ಕೂರುತ್ತೋ ಆ ನಂಬರು ಇಲ್ಲಿ ಕಾಣುತ್ತೆ. ಗಾಳಿ ಒಣಗಿದಷ್ಟೂ ನಂಬರು ಕೆಳಗೆ. ಮೈನಸ್ ನಲವತ್ತಕ್ಕಿಂತ ಕೆಳಗಿಳಿದ್ರೆ ನೀವು ಗೆದ್ದಂಗೆ."

"ಇದರ ಹತ್ರ ಕೂರೋರು ಯಾರು?" ಅಂದ್ರು ಸಂಘದ ಅಧ್ಯಕ್ಷೆ ಸರ್ವಮಂಗಳಮ್ಮ.

"ಜಾಣರು ಬೇಡ ತಾಯಿ! ಜಾಣರು ಸುಮ್ನೆ ಕೂರಲ್ಲ, ತಮ್ಮ ತಲೆ ಓಡಿಸ್ತಾರೆ, ಅಲ್ಲೊಂದು ಇಲ್ಲೊಂದು ತಿರುಪು ತಿರುಗಿಸ್ತಾರೆ. ಹೇಳಿದ್ದಷ್ಟನ್ನೇ ಮಾಡೋ ಒಬ್ಬರನ್ನ ಕೊಡಿ."

"ಅಂಥೋನು ನಮ್ಮನೇಲವ್ನೆ!" ಅಂತ ಕೂಗಿದ್ಳು ಕೆಂಪಮ್ಮ.

ಎಲ್ಲಾ ಹೆಂಗಸರೂ ಘೊಳ್ಳಂತ ನಕ್ಕರು. ನಾನೂ ನಕ್ಕೆ ಅನ್ನಿ. ಸರ್ವಮಂಗಳಮ್ಮ ನಗಲಿಲ್ಲ. "ಕೆಂಪಮ್ಮ, ಇದು ಕರು ಹಿಡಿಯೋ ಕೆಲಸ ಅಲ್ಲ. ಈ ಆರ್ಡರು ಹೋದ್ರೆ ಸಂಘದ ಬಾಗಿಲು ಮುಚ್ಚಬೇಕಾಗುತ್ತೆ."

ಕೆಂಪಮ್ಮ ಸೆರಗು ಸಿಗಿಸಿದ್ಳು. "ನನ್ನ ಮಗ ಕೆಡಿಸಿದ್ರೆ, ಸಾಹೇಬ್ರು ಬೇಡ ಅಂದ್ರೆ, ಅವನ ಜೊತೆ ನಾನೂ ಈ ಗೇಟು ದಾಟ್ತೀನಿ. ಮತ್ತೆ ಈ ಕಡೆ ತಲೆ ಹಾಕಲ್ಲ. ಸೋಗೆ ಹೊತ್ತಿದ್ದ ಬೆನ್ನು, ಮತ್ತೆ ಹೊರ್ತದೆ. ಆಯ್ತಾ?"

ಆಡಿಬಿಟ್ಳು. ಆಡಿದ ಮೇಲೆ ಬಿಡೋ ಹೆಂಗಸಲ್ಲ ಅವಳು.

ಚಿಕ್ಕರಂಗ ಮಿಷೀನಿನ ರೂಮಿಗೆ ಬಂದ. ಫಣೀಂದ್ರ ಹೇಳ್ದ, "ನೋಡು ರಂಗಾ, ಎಲ್ಲಕ್ಕಿಂತ ಮುಖ್ಯ ಕನ್ನಡಿ. ಕನ್ನಡಿ ಫಳಫಳ ಅನ್ನುತ್ತಾ ಇರಬೇಕು. ಕೊಳೆ ಕಂಡ್ರೆ ಒರೆಸು."

"ಆಗ್ಲಿ ಸ್ವಾಮಿ!"

ಈಗ ನೀವೇ ಹೇಳ್ರೇ, ಕನ್ನಡಿ ಒರೆಸೋದು ಹೆಂಗೆ? ಬಾಯಿ ಹತ್ರ ತಂದು "ಹಾ!" ಅಂತ ಉಸಿರು ಬಿಟ್ಟು ಸೆರಗಲ್ಲಿ ಉಜ್ಜಲ್ವಾ? ನಿಮ್ಮಜ್ಜಿ ಹಂಗೇ ಒರೆಸಿದ್ಳು, ನೀವೂ ಹಂಗೇ ಒರೆಸ್ತೀರಿ. ಚಿಕ್ಕರಂಗನೂ ಹಂಗೇ ಮಾಡ್ದ. ಮುಚ್ಚಳ ತೆಗೆದ. "ಹಾ!" ಅಂದ. ಹೆಗಲ ಮೇಲಿನ ಟವಲಲ್ಲಿ ಉಜ್ಜಿದ. ಟವಲಿಗೋ ಕೊಬ್ಬರಿ ಎಣ್ಣೆ! ಕನ್ನಡಿ ಮಂಕಾಯ್ತು. ಮತ್ತೆ "ಹಾ!" ಮತ್ತೆ ಉಜ್ಜಿದ. ಮತ್ತೂ ಮಂಕು. ಮತ್ತೆ "ಹಾ!"

ನಂಬರು ಏನಾಗ್ಬೇಕು? ಮೈನಸ್ಸು ಎಲ್ಲಿ ಬಂತು? ಮಳೆಗಾಲದ ಗಾಳಿ ಥರ ಪ್ಲಸ್ಸಲ್ಲಿ ಮೇಲೆ ಕೂತಿದೆ!

"ಗಾಳಿ ಒದ್ದೆ! ಗಾಳಿ ಒದ್ದೆ!" ಅಂತ ಹುಯಿಲೆದ್ದಿತು. ಪುಡಿ ಊದೋದು ನಿಲ್ಲಿಸಿದ್ರು. ಗಾಳಿ ಒಣಗಿಸೋ ದೊಡ್ಡ ಮಿಷೀನಿನ ಹೊಟ್ಟೆ ಬಿಚ್ಚಿದ್ರು. ಒಳಗಿನ ತೇವ ಹೀರೋ ಕಾಳು, ಜಾಲರಿ, ಪೈಪು ಎಲ್ಲಾ ಅಂಗಳದಲ್ಲಿ ಹರಡಿದ್ರು. ಎಲ್ಲಾ ಸರಿಯಾಗೇ ಇದೆ! ಕಡೆಗೆ ಸರ್ವಮಂಗಳಮ್ಮ ರೂಮಿನೊಳಗೆ ಇಣುಕಿದ್ರು.

"ಏನ್ಲಾ ಮಾಡ್ತಿದ್ದೀಯ?"

"ಫಳಫಳ ಅನ್ನಿಸ್ತಿದ್ದೀನಿ ಅಧ್ಯಕ್ಷಮ್ಮ. ಹಾ!"

ಫಣೀಂದ್ರ ತಲೆ ಮೇಲೆ ಕೈ ಹೊತ್ತ. "ಅಯ್ಯೋ ಪುಣ್ಯಾತ್ಮ! ಇಬ್ಬನಿ ಹುಡುಕೋ ಕನ್ನಡಿಗೆ ನೀನೇ ಇಬ್ಬನಿ ಕೊಡ್ತಿದ್ದೀಯಲ್ಲೋ! ಕೇಳು. ಕೈ ತಾಗಬಾರದು, ಟವಲು ತಾಗಬಾರದು, ಉಸಿರು ತಾಗಬಾರದು. ಕನ್ನಡಿ ಮುಂದೆ ನಿಂತ್ಯಾ, ಉಸಿರು ಬಿಗಿ ಹಿಡಿ. ಹತ್ತಿಗೆ ಸ್ಪಿರಿಟ್ಟು ಹಾಕು. ನಯವಾಗಿ ಒರೆಸು. ಹತ್ತಿ, ಸ್ಪಿರಿಟ್ಟು ಯಾವಾಗ್ಲೂ ಜೇಬಲ್ಲಿರಲಿ. ತಿಳೀತಾ?"

"ತಿಳೀತು ಸ್ವಾಮಿ!"

ಅವತ್ತು ಸಂಜೆ ಕೆಂಪಮ್ಮ ಮಗನ ತಲೆ ನೋಡಿದ್ಳು. ಕೂದಲು ಕಾಡು ಬೆಳೆದಂಗೆ ಬೆಳೆದಿತ್ತು. "ಸಾಹೇಬ್ರು ಬರೋ ಹೊತ್ತಿಗೆ ಮನುಷ್ಯನ ಥರ ಕಾಣು. ಹೋಗು, ವೆಂಕಟೇಶನ ಸಲೂನಲ್ಲಿ ಕಟಿಂಗ್ ಮಾಡಿಸ್ಕೊಂಡು ಬಾ" ಅಂತ ಕಳಿಸಿದ್ಳು.

ಸಲೂನು ಅಂದ್ರೆ ಏನಿರ್ತದೆ? ಆ ಗೋಡೆಯಿಂದ ಈ ಗೋಡೆಗೆ ಕನ್ನಡಿ! ಕನ್ನಡಿ ಮುಂದೆ ನಿಂತ್ಯಾ, ಉಸಿರು ಬಿಗಿ ಹಿಡಿ. ಚಿಕ್ಕರಂಗ ಹಿಡಿದ. ಹತ್ತಿಗೆ ಸ್ಪಿರಿಟ್ಟು ಹಾಕು. ಹಾಕ್ದ. ನಯವಾಗಿ ಒರೆಸು. ಒರೆಸೋಕೆ ಶುರು ಮಾಡ್ದ. ಕನ್ನಡಿ ಮೇಲೆ ವೆಂಕಟೇಶ ಪೇಂಟರು ಕರೆಸಿ ಗಿಣಿ ಬರೆಸಿದ್ದ, ಗುಲಾಬಿ ಹೂ ಬರೆಸಿದ್ದ, ಅಂಗಡಿ ಹೆಸರು ಬರೆಸಿದ್ದ. ಸ್ಪಿರಿಟ್ಟು ತಾಗಿದ್ದೇ ತಡ, ಗಿಣಿ ಹೋಯ್ತು! ಗುಲಾಬಿ ಹೋಯ್ತು!

"ಲೋ! ಲೋ! ಏನು ಮಾಡ್ತಿದ್ದೀಯೋ?"

ಉತ್ತರ ಎಲ್ಲಿಂದ ಬರ್ಬೇಕು? ಉಸಿರು ಬಿಗಿ ಹಿಡಿದವ್ನೆ! ಅಂಗಡಿ ಹೆಸರು ಅರ್ಧ ಹೋಗೋ ಹೊತ್ತಿಗೆ ಮುಖ ಬದನೆಕಾಯಿ ಬಣ್ಣಕ್ಕೆ ತಿರುಗ್ತು, ಕಣ್ಣು ಮೇಲಾಯ್ತು, ಧೊಪ್ಪಂತ ಬಿದ್ದ.

"ಅಯ್ಯೋ ಫಿಟ್ಸು! ಕೈಗೆ ಕಬ್ಬಿಣ ಕೊಡ್ರೋ!" ಅಂತ ಯಾರೋ ಕೂಗಿದ್ರು. ಒಬ್ಬ ಬೀಗದ ಕೈ ಗೊಂಚಲು ತುರುಕಿದ. ಒಬ್ಬ ಕತ್ತರಿ ತುರುಕಿದ. ಇನ್ನೊಬ್ಬ ಓಡಿ ಹೋಗಿ ಸೈಕಲ್ ಚೈನೇ ಬಿಚ್ಕೊಂಡು ಬಂದ. ಗಾಡೀಲಿ ಹಾಕ್ಕೊಂಡು ಮನೆಗೆ ತಂದ್ರು. ತಲೆಗೆ ಕತ್ತರೀನೇ ತಾಗಿರಲಿಲ್ಲ, ಕೈ ತುಂಬ ಕಬ್ಬಿಣ.

ಕೆಂಪಮ್ಮ ಎದೆ ಬಡ್ಕೊಂಡ್ಳು. ಕಣ್ಣು ಬಿಟ್ಟ ಅಂತ ಗೊತ್ತಾದ್ಮೇಲೆ ಬೈದ್ಳು. "ಉಸಿರು ಕಟ್ಟಿದ್ರೆ ಸತ್ತೇ ಹೋಗ್ತೀಯಲ್ಲೋ ಮುಂಡೇದೇ! ಕಂಡ ಕಂಡ ಕನ್ನಡಿಗೆಲ್ಲಾ ಉಸಿರು ಕಟ್ಟು ಅಂದೋರ್ಯಾರು? ಗಾಳಿ ಇರೋದು ಆಡೋಕೆ ಕಣ್ಲಾ! ಇನ್ಮೇಲೆ ಗಾಳಿ ತಡೆದದ್ದು ಕಂಡ್ರೆ ಬರೆ ಹಾಕ್ತೀನಿ. ಬಿಡು ಅಂದ್ರೆ ಪೂರ್ತಿ ಬಿಡ್ಬೇಕು!"

"ಪೂರ್ತಿ ಬಿಡ್ತೀನವ್ವಾ!"

ಮಾರನೇ ದಿನ ಫಣೀಂದ್ರ ಮಿಷೀನಿಗೆ ಹೊಸ ಸ್ಟೀಲು ಪೈಪು ಜೋಡಿಸ್ದ. ರಬ್ಬರು ಪೈಪು ಆಗಲ್ಲ, ರಬ್ಬರು ಹೊರಗಿನ ತೇವ ಹೀರ್ತದೆ ಅಂತ. ನಟ್ಟು ಇನ್ನೂ ಪೂರ್ತಿ ಬಿಗಿದಿರಲಿಲ್ಲ. ಬಗ್ಗಿ ಸ್ಪ್ಯಾನರು ಹುಡುಕ್ತಾ, "ರಂಗಾ, ಆ ವಾಲ್ವು ಸ್ವಲ್ಪ ನೋಡ್ಕೊಂಡು ಬಿಡಪ್ಪ" ಅಂದ.

ಬಿಡು ಅಂದ್ರೆ ಪೂರ್ತಿ ಬಿಡ್ಬೇಕು! ಚಿಕ್ಕರಂಗ ಎರಡೂ ಕೈಲಿ ಹಿಡಿದು ತಿರುಗಿಸಿದ್ದೇ ತಿರುಗಿಸಿದ್ದು. ಬುಸ್ ಅಂತು! ಪೈಪು ಕಿತ್ಕೊಂಡು ಹಾವಿನ ಥರ ಎದ್ದು ಕುಣೀತು. ಬಾಗಿಲಿನಾಚೆ ಪುಡಿ ತುಂಬಿದ್ದ ತೊಟ್ಟಿಗೆ ಹೋಗಿ ಬಾಯಿ ಇಟ್ಟಿತು. ಅಯ್ಯಯ್ಯೋ! ಅಲ್ಲಿದ್ದ ಹೆಂಗಸರೆಲ್ಲಾ ತಲೆಯಿಂದ ಕಾಲವರೆಗೂ ಬಿಳಿ! ಯಾರು ಯಾರು ಅಂತ ಗುರುತೇ ಸಿಗಲಿಲ್ಲ. ಸರ್ವಮಂಗಳಮ್ಮಂಗೆ ದಪ್ಪ ಬಿಳಿ ಮೀಸೆ ಬಂದಿತ್ತು. ನಾನು ಅದನ್ನ ನೋಡಿ ಸೀನಿದೆ, ಸೀನಿದ್ದಕ್ಕೆ ಇನ್ನಷ್ಟು ಪುಡಿ ಹಾರ್ತು.

"ಗಾಳಿ ತಡೆದಿಲ್ಲ ಕಣವ್ವಾ!" ಅಂತ ಚಿಕ್ಕರಂಗ ಕೂಗಿ ಹೇಳ್ದ.

ಸರ್ವಮಂಗಳಮ್ಮ ಮೀಸೆ ಒರೆಸ್ಕೊಂಡು, "ಕೆಂಪಮ್ಮ, ನೀನು ಆಡಿದ ಮಾತು ನೆನಪಿದ್ಯಾ?" ಅಂದ್ರು.

"ನೆನಪಿದೆ! ಬೇಡ ಅನ್ನಬೇಕಾದೋರು ಸಾಹೇಬ್ರು, ನೀವಲ್ಲ. ಅವರು ಅನ್ನಲಿ, ಆ ಗಳಿಗೆಗೇ ಹೊರಡ್ತೀನಿ. ಅಲ್ಲೀತಂಕ ನನ್ನ ಕುರ್ಚಿ ಮುಟ್ಟಬೇಡಿ!"

ಹೇಳೋದು ಹೇಳಿದ್ಳು. ಆದ್ರೆ ನಾನು ನೋಡ್ತಾನೇ ಇದ್ದೆ. ಬಿಳಿ ಪುಡಿ ಬಡಿದಿದ್ದ ಕೈ, ಸೆರಗು ಸಿಗಿಸೋಕೆ ಹೋಗಿ ಸಿಗಿಸೋಕೆ ಆಗಲಿಲ್ಲ.

ಫಣೀಂದ್ರ ಪೈಪು ಮತ್ತೆ ಜೋಡಿಸಿ, ನಟ್ಟು ಬಿಗಿದು, ಸೋಪಿನ ನೀರು ಹಚ್ಚಿ ಗುಳ್ಳೆ ಏಳುತ್ತಾ ಅಂತ ನೋಡ್ದ. ಏಳಲಿಲ್ಲ. ಆಮೇಲೆ ಚಿಕ್ಕರಂಗನ ಎರಡು ಭುಜ ಹಿಡಿದು ಹೇಳ್ದ, "ನಾನು ಇವತ್ತು ಊರಿಗೆ ಹೊರಟೆ. ಕಡೇ ಸಲ ಹೇಳ್ತೀನಿ. ತೆರೆಯೋದನ್ನ ಯಾವತ್ತೂ ಪೂರ್ತಿ ತೆರೀಬೇಡ. ಕೂದಲೆಳೆಯಷ್ಟು ತೆರಿ, ನಿಲ್ಲು, ನೋಡು. ಇನ್ನೊಂದು ಕೂದಲೆಳೆ, ನಿಲ್ಲು, ನೋಡು. ಅವಸರ ಮಾಡಿದ್ರೆ ಎಲ್ಲಾ ಕಿತ್ಕೊಂಡು ಹಾರುತ್ತೆ!" ಕೆಂಪಮ್ಮನ ಕಡೆ ತಿರುಗಿ, "ಪೈಪಿನ ಒಳಗೆ ಹಳೇ ತೇವ ಇನ್ನೂ ಅಂಟ್ಕೊಂಡಿರುತ್ತೆ ತಾಯಿ. ಅದು ಹೋಗೋವರೆಗೂ ನಂಬರು ಮೇಲೆ ಕೆಳಗೆ ಕುಣೀತಾ ಇರುತ್ತೆ. ಕುಣಿಯೋ ನಂಬರನ್ನ ನಂಬಬೇಡಿ. ನಿಂತ ನಂಬರೇ ನಂಬರು" ಅಂದ. ಬಸ್ಸು ಹತ್ತಿ ಹೋದ.

ಮಾರನೇ ಬೆಳಗ್ಗೆ ಬಿಸ್ಕತ್ತಿನ ಕಂಪನಿ ತ್ಯಾಗರಾಜ ಸಾಹೇಬ್ರು ಬಂದೇ ಬಂದ್ರು, ಕಾರಲ್ಲಿ. ನಾವೆಲ್ಲಾ ಒಳಗೆ ಸಾಲಾಗಿ ನಿಂತಿದ್ವಿ. ಹೂವಿನ ಹಾರ ರೆಡಿ, ತಟ್ಟೆ ತುಂಬ ತುಪ್ಪ ಸವರಿದ ಕಾಯಿ ಒಬ್ಬಟ್ಟು ರೆಡಿ. ಹಾರನ್ನು ಕೇಳಿಸ್ತು.

"ಓಡ್ಲಾ ರಂಗಾ, ಗೇಟು ತೆಗಿ!"

ಓಡ್ದ. ಗೇಟು ಹಿಡಿದ. ಕೂದಲೆಳೆಯಷ್ಟು ತೆಗೆದ. ನಿಂತ. ನೋಡ್ದ.

ಹಾರನ್ನು! ಇನ್ನೊಂದು ಕೂದಲೆಳೆ. ನಿಂತ. ನೋಡ್ದ.

ಸಾಹೇಬ್ರು ಕಾರಿಂದ ಇಳಿದು ಬಂದ್ರು. "ಯಾಕಪ್ಪಾ ನಿಲ್ಲಿಸ್ದೆ? ತೆಗಿ!"

"ತೆಗೀತಿದ್ದೀನಿ ಸ್ವಾಮಿ. ಇನ್ನೊಂದು ಕೂದಲೆಳೆ ಬರ್ತದೆ, ತಡೀರಿ."

"ಏನು ಕೂದಲೆಳೆ? ಪೂರ್ತಿ ತೆಗಿ!"

"ಬೇಡ ಸ್ವಾಮಿ! ಕಿತ್ಕೊಂಡು ಹಾರ್ತದೆ!"

ಬಿಸಿಲು ಸುಡ್ತಿತ್ತು. ಸಾಹೇಬ್ರಿಗೋ ಹೊಟ್ಟೆ ಸ್ವಲ್ಪ ಮುಂದೆ. ತಾಳ್ಮೆ ತಪ್ಪಿ ಸಂದೀಲೇ ನುಗ್ಗಿದ್ರು. ತಲೆ ಒಳಗೆ ಬಂತು, ಭುಜ ಒಳಗೆ ಬಂತು, ಹೊಟ್ಟೆ ಸಿಕ್ಕಾಕ್ಕೊಂತು. ನಾವೆಲ್ಲಾ ಓಡಿ ಬಂದು ಗೇಟು ಎಳೆದ್ರೆ ಚಿಕ್ಕರಂಗ ಒತ್ತಿ ಹಿಡಿದವ್ನೆ, "ನಿಧಾನ! ನಿಧಾನ!" ಅಂತ. ಕಡೆಗೆ ಅಂಗಿ ಗುಂಡಿ ಟಪ್ ಅಂತ ಹಾರಿ ಸಾಹೇಬ್ರು ಒಳಗೆ ಬಿದ್ರು. ಹಾರ ಹಾಕೋಕೆ ಹೋದ್ರೆ ತಳ್ಳಿಬಿಟ್ರು.

"ಮಿಷೀನು ಎಲ್ಲಿ? ನೋಡಿ ಹೊರಡ್ತೀನಿ. ಅರಸೀಕೆರೇಲಿ ರೈಲಿದೆ ನನಗೆ!"

ಕೆಂಪಮ್ಮ ಮಗನ್ನ ಮೂಲೆಗೆ ಎಳ್ಕೊಂಡ್ಳು. ಹಲ್ಲು ಕಚ್ಚಿ ಕಚ್ಚಿ ಹೇಳಿದ್ಳು. "ಗೇಟು ವಾಲ್ವೇನೋ ಮಂಕೇ? ನನ್ನ ಹೊಟ್ಟೆ ಉರಿಸೋಕೇ ಹುಟ್ಟಿದ್ಯಾ? ಕೇಳಿಲ್ಲಿ. ಹೋಗಿ ಮಿಷೀನಿನ ಮುಂದೆ ಕೂತ್ಕೋ. ನಂಬರು ಕುಣೀತಾ ಇರೋವರೆಗೂ ತುಟಿ ಬಿಚ್ಚಬೇಡ. ಯಾರೇ ಕೇಳಲಿ, ಏನೇ ಆಗಲಿ! ನಂಬರು ನಿಂತ ಮೇಲೆ ಬಾಯಿ ಬಿಡು, ಆಗ ಎಲ್ಲಾ ಹೇಳು. ಅಷ್ಟೇ. ಇನ್ನೇನೂ ಮಾಡಬೇಡ ನನ್ನಪ್ಪಾ!"

ಚಿಕ್ಕರಂಗ ಆಗ್ಲಿ ಅನ್ನಲೂ ಇಲ್ಲ. ಆಗಿಂದಲೇ ತುಟಿ ಬಿಗಿದ.

ಮಿಷೀನು ಹಾಕಿದ್ರು. ಸಣ್ಣ ರೂಮು. ಒಳಗೆ ಸಾಹೇಬ್ರು, ಅಧ್ಯಕ್ಷಮ್ಮ, ಕೆಂಪಮ್ಮ, ಮಿಷೀನಿನ ಮುಂದೆ ಚಿಕ್ಕರಂಗ. ಬಾಗಿಲ ತುಂಬ ನಾವು. ನಂಬರು ಇಳೀತು, ಮೈನಸ್ ಹದಿನೈದು. ಇಳೀತು, ಮೈನಸ್ ಮೂವತ್ತು. ಮತ್ತೆ ಹತ್ತಿತು, ಇಪ್ಪತ್ತೆರಡು. ಮತ್ತೆ ಇಳೀತು. ಕುಣೀತಾ ಇದೆ!

"ಎಷ್ಟಪ್ಪಾ ಬಂತು?" ಅಂದ್ರು ಸಾಹೇಬ್ರು. ಅವರಿಗೆ ಕನ್ನಡಕ ಕಾರಲ್ಲೇ ಉಳಿದಿತ್ತು.

ಚಿಕ್ಕರಂಗ ಮಾತಿಲ್ಲ.

"ನಿನ್ನನ್ನೇ ಕೇಳ್ತಿರೋದು. ಎಷ್ಟು?"

ಮಾತಿಲ್ಲ.

"ನಿನ್ನ ಹೆಸರಾದ್ರೂ ಹೇಳು!"

ಅದಕ್ಕೂ ಮಾತಿಲ್ಲ! ಎರಡೂ ಕೈ ತಗೊಂಡು ಬಾಯಿ ಮೇಲಿಟ್ಕೊಂಡ.

"ಏನಮ್ಮಾ ಇವನು, ಮೂಗನಾ?"

"ಮೂಗ ಅಲ್ಲ ಸ್ವಾಮಿ!" ಅಂದ್ಳು ಕೆಂಪಮ್ಮ. "ಹೇಳಿದ ಮಾತು ಕೇಳ್ತವ್ನೆ!"

ಹೊತ್ತು ಹೋಯ್ತು. ನಂಬರು ಕುಣೀತಾನೇ ಇತ್ತು. ಸಾಹೇಬ್ರು ಗಡಿಯಾರ ನೋಡಿದ್ರು. ಬೆವರು ಒರೆಸ್ಕೊಂಡ್ರು. ಕಡೆಗೆ ಅಂದ್ರು, "ನೋಡಮ್ಮಾ, ನನಗೆ ರೈಲು ತಪ್ಪುತ್ತೆ. ಇವನು ಮೈನಸ್ ನಲವತ್ತು ಅಂತ ಒಂದು ಮಾತು ಅಂದ್ರೆ ಬರ್ಕೊಂಡು ಹೋಗ್ತೀನಿ. ಅನ್ನಲಿಲ್ವಾ, ಫೇಲು ಅಂತ ಬರ್ಕೊಂಡು ಹೋಗ್ತೀನಿ."

ಅಬ್ಬಾ! ಬಾಗಿಲಲ್ಲಿ ನಿಂತಿದ್ದ ನಾವೆಲ್ಲಾ ಸನ್ನೆ ಮಾಡಿದ್ದೇ ಮಾಡಿದ್ದು. "ಹೇಳೋ! ಹೇಳೋ!" ಅಂತ ಅಧ್ಯಕ್ಷಮ್ಮ ಪಿಸುಗುಟ್ಟಿದ್ರು. "ಕೆಂಪಮ್ಮ, ಹೇಳು ಅನ್ನೇ ಅವನಿಗೆ! ನಿನ್ನ ಮಾತು ಕೇಳ್ತಾನೆ!"

ಕೇಳ್ತಿದ್ದ. ಅದು ನಿಜ. ಅವಳು ಒಂದು ಮಾತು ಹೇಳು ಅಂದಿದ್ರೆ ಆಗ್ತಿತ್ತು. ಮಗ ಉಳೀತಿದ್ದ, ಕುರ್ಚಿ ಉಳೀತಿತ್ತು, ಮತ್ತೆ ಯಾರ ತೋಟದಲ್ಲೂ ಸೋಗೆ ಹೊರಬೇಕಾಗಿರಲಿಲ್ಲ. ಕೆಂಪಮ್ಮ ಮಗನ ಕಡೆ ನೋಡಿದ್ಳು. ಬಾಯಿ ತೆರೆದ್ಳು. ಬಾಯಿ ಮುಚ್ಚಿದ್ಳು. ಆಮೇಲೆ ಹೋಗಿ ಬಾಗಿಲಿಗೆ ಅಡ್ಡ ನಿಂತ್ಳು.

"ಹೇಳಲ್ಲ ಸ್ವಾಮಿ."

"ಏನಂದೆ?"

"ನಂಬರು ಕುಣಿಯೋವಾಗ ನನ್ನ ಮಗ ಹೇಳಲ್ಲ. ಹೇಳು ಅಂತ ನಾನೂ ಹೇಳಲ್ಲ. ಇವತ್ತು ಸುಳ್ಳು ಬರ್ಕೊಂಡು ಹೋಗ್ತೀರಿ. ನಾಳೆ ಪುಡಿ ಗಂಟು ಕಟ್ಟಿ ಚೀಲ ಚೀಲ ವಾಪಸ್ಸು ಬಂದ್ರೆ ಆಗ ಯಾರನ್ನ ಪೆದ್ದರು ಅಂತೀರಿ? ನಮ್ಮನ್ನೇ! ಕೂತ್ಕೊಳ್ಳಿ ಸ್ವಾಮಿ. ರೈಲು ಇನ್ನೊಂದು ಬರ್ತದೆ. ಅವ್ನು ಬಾಯಿ ಬಿಡೋವರೆಗೂ ಈ ಬಾಗಿಲಿಂದ ಯಾರೂ ದಾಟಂಗಿಲ್ಲ. ನನ್ನನ್ನ ತಳ್ಕೊಂಡು ಹೋಗೋದಾದ್ರೆ ತಳ್ಳಿ!"

ಸಾಹೇಬ್ರು ಅವಳ ಮುಖ ನೋಡಿದ್ರು, ತೋಳು ನೋಡಿದ್ರು. ಸೋಗೆ ಹೊತ್ತ ತೋಳು. ತಳ್ಳೋ ಯೋಚನೆ ಬಿಟ್ರು. ಕೂತ್ಕೊಳ್ಳೋಣ ಅಂತ ಹಿಂದೆ ಹೆಜ್ಜೆ ಇಟ್ರು.

ಹಿಂದಿದ್ದ ಕುರ್ಚಿ ಮೇಲೆ ಏನಿತ್ತು ಅಂತೀರಿ? ಒಬ್ಬಟ್ಟಿನ ತಟ್ಟೆ! ಜಾಗ ಸಾಲದೆ ನಾನೇ ಅಲ್ಲಿಟ್ಟಿದ್ದೆ. ಚಿಕ್ಕರಂಗ ನೋಡ್ದ. ಕಣ್ಣು ಅಗಲ ಮಾಡ್ದ. ಆದ್ರೆ ಯಾರೇ ಕೇಳಲಿ, ಏನೇ ಆಗಲಿ, ತುಟಿ ಬಿಚ್ಚಬೇಡ! ಸಾಹೇಬ್ರು ಬಗ್ಗಿದ್ರು. ಚಿಕ್ಕರಂಗ ಕೈ ಒತ್ತಿ ಬಾಯಿ ಮುಚ್ಚಿದ. ಸಾಹೇಬ್ರು ಪಚಕ್ ಅಂತ ಕೂತ್ರು. ಕೂತಿದ್ದು ಮೆತ್ತಗಿದೆ ಅಂತ ಅವರಿಗೆ ಅನ್ನಿಸ್ತೋ ಏನೋ, ಸ್ವಲ್ಪ ಸಮಾಧಾನವಾಗಿ ಕಾಲು ಚಾಚಿದ್ರು.

ಎಷ್ಟೋ ಹೊತ್ತು ಹಂಗೇ. ನಂಬರು ಮೂವತ್ತೈದಕ್ಕೆ ಬಂತು, ಮೂವತ್ತೆಂಟು, ಮತ್ತೆ ಮೂವತ್ತಾರು, ಮೂವತ್ತೊಂಬತ್ತು. ಕೆಂಪಮ್ಮ ಬಾಗಿಲ ಚೌಕಟ್ಟು ಹಿಡ್ಕೊಂಡು ನಿಂತೇ ಇದ್ಳು. ನಲವತ್ತೊಂದು. ನಲವತ್ಮೂರು. ಮತ್ತೆ ಮೇಲೆ ಬರಲಿಲ್ಲ. ಅಲ್ಲೇ ಇತ್ತು. ಇನ್ನೂ ಅಲ್ಲೇ ಇತ್ತು. ನಿಂತ್ಕೊಂತು!

ಚಿಕ್ಕರಂಗ ಕೈ ತೆಗೆದ. ಒಂದೇ ಉಸಿರಿಗೆ ಕೂಗ್ದ.

"ಮೈನಸ್ ನಲವತ್ಮೂರು! ನನ್ನೆಸರು ಚಿಕ್ಕರಂಗ! ಸಾಹೇಬ್ರು ಒಬ್ಬಟ್ಟಿನ ಮೇಲೆ ಕೂತವ್ರೆ!"

ಸಾಹೇಬ್ರು ಎದ್ರು. ಒಬ್ಬಟ್ಟೂ ಜೊತೇಲಿ ಎದ್ದಿತು. ಅವರು ಹಿಂದೆ ಮುಟ್ಟಿ ನೋಡ್ಕೊಂಡ್ರು, ಮಿಷೀನಿನ ಹತ್ರ ಬಗ್ಗಿ ಕಣ್ಣು ಕಿರಿದು ಮಾಡಿ ನಂಬರು ನೋಡಿದ್ರು, ಮತ್ತೆ ಹಿಂದೆ ಮುಟ್ಟಿ ನೋಡ್ಕೊಂಡ್ರು. ನಮಗೆಲ್ಲಾ ಜೀವ ಕೈಗೆ ಬಂದಿತ್ತು. ಆಮೇಲೆ ಹೊಟ್ಟೆ ಕುಣಿಸಿ ನಕ್ಕರು ನೋಡಿ!

"ಪಾಸು ಕಣಮ್ಮಾ, ಪಾಸು! ನಮ್ಮ ಕಂಪನೀಲೂ ಇಷ್ಟು ಹೊತ್ತು ಬಾಯಿ ಮುಚ್ಕೊಂಡು ಕೂರೋರು ಯಾರೂ ಇಲ್ಲ. ವರ್ಷಪೂರ್ತಿ ನಿಮ್ಮ ಪುಡೀನೇ." ಹೊರಡ್ತಾ ಚಿಕ್ಕರಂಗನ ಬೆನ್ನು ತಟ್ಟಿ, ಬಾಗಿಲ ತುಂಬ ಬೆವರು ಸುರಿಸ್ತಾ ನಿಂತಿದ್ದ ನಮ್ಮನ್ನೆಲ್ಲಾ ತೋರಿಸಿದ್ರು. "ಇನ್ಮೇಲೆ ಒಂದು ಮಾತು ನೆನಪಿಟ್ಕೋ. ಈ ರೂಮಿಗೆ ಒದ್ದೆ ಬರಕೂಡದು. ಒದ್ದೆ ಇರೋರು ಯಾರೇ ಆಗಿರಲಿ, ಮುಲಾಜು ನೋಡಬೇಡ. ಹೊರಗೆ ಹಾಕು. ಒಣಗಿದ ಮೇಲೇನೇ ಒಳಗೆ ಬಿಡು."

"ಆಗ್ಲಿ ಸ್ವಾಮಿ!"

ಕಾರು ಹೋಯ್ತು. ನಾವು ಕುಣಿದ್ವಿ. ಸರ್ವಮಂಗಳಮ್ಮ ಬಂದು ಕೆಂಪಮ್ಮನ ಎರಡೂ ಕೈ ಹಿಡ್ಕೊಂಡ್ರು. ಕೆಂಪಮ್ಮ ಕೈ ಬಿಡಿಸ್ಕೊಂಡು ಸೀದಾ ರೂಮಿನೊಳಗೆ ಹೋದ್ಳು. ಗಂಡ ಸತ್ತಾಗ ಬೀದೀಲಿ ಅಳದ ಹೆಂಗಸು. ಊರೇ ಮಗನ್ನ ಆಡ್ಕೊಂಡಾಗ ಒಂದು ಹನಿ ಹಾಕದ ಹೆಂಗಸು. ಮಗನ್ನ ಬಾಚಿ ತಬ್ಕೊಂಡ್ಳು, "ನನ್ನಪ್ಪಾ! ನನ್ನ ಬಂಗಾರಾ! ಗೆದ್ದುಬಿಟ್ಯಲ್ಲೋ!" ಅಂತ ಗೊಳೋ ಅಂತ ಅತ್ತುಬಿಟ್ಳು.

ಚಿಕ್ಕರಂಗ ತಾಯಿ ಮುಖ ನೋಡ್ದ. ಕೆನ್ನೆ ಮುಟ್ಟಿ ನೋಡ್ದ.

"ಅವ್ವಾ! ಒದ್ದೆ!"

ಅಂದೋನೇ ಎತ್ತಿದ ಅವಳನ್ನ, ಕಾಯಿ ಮೂಟೆ ಎತ್ತಿದಂಗೆ, ಹೆಗಲ ಮೇಲೆ! "ಬಿಡೋ! ಲೋ! ಬಿಡೋ!" ಅಂತ ಅವಳು ಬೆನ್ನಿಗೆ ಗುದ್ದಿದ್ಳು. ಬಿಡೋನಾ ಅವ್ನು? ನಮ್ಮ ಮಧ್ಯೆ ಹಾದು, ಅಂಗಳ ದಾಟಿ, ಬಿಸಿಲಲ್ಲಿ ಕೊಬ್ಬರಿ ಗಿಟುಕು ಒಣಗಹಾಕಿದ್ದ ಚಾಪೆ ಹತ್ರ ಹೋದ. ಗಿಟುಕುಗಳನ್ನ ಸ್ವಲ್ಪ ಸ್ವಲ್ಪ ಸರಿಸಿ, ಮಧ್ಯದಲ್ಲಿ ಜಾಗ ಮಾಡಿ, ತಾಯೀನ ಮಲಗಿಸ್ದ. ಮುಖ ಸೂರ್ಯನ ಕಡೆಗೆ ತಿರುಗಿಸ್ದ. ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತು ಕಾಯೋಕೆ ಶುರು ಮಾಡ್ದ.

ಕೆಂಪಮ್ಮಂಗೆ ನಗು ಬಂತು. ನಕ್ಕಷ್ಟೂ ಕಣ್ಣಲ್ಲಿ ನೀರು. ಇವ್ನು ಕೆನ್ನೆ ಮುಟ್ಟಿ ನೋಡೋದು, ತಲೆ ಅಲ್ಲಾಡಿಸೋದು, "ಇನ್ನೂ ಇಲ್ಲ" ಅನ್ನೋದು. ಸರ್ವಮಂಗಳಮ್ಮ ಓಡಿ ಬಂದು, "ಎದ್ದೇಳೇ ಕೆಂಪಮ್ಮ! ಇವನ ಮಾತು ಕಟ್ಕೊಂಡು ಬಿಸಿಲಲ್ಲಿ ಮಲಗ್ತೀಯಲ್ಲೇ, ಊರೋರು ನೋಡಿದ್ರೆ ಏನಂತಾರೆ?" ಅಂದ್ರು.

"ಅಂದ್ಕೊಳ್ಳಲಿ! ಊರಿಗೆ ಊರೇ ಬಂದು ಸುತ್ತ ನಿಂತು ಅಂದ್ಕೊಳ್ಳಲಿ!" ಅಂದ್ಳು ಕೆಂಪಮ್ಮ, ಗಿಟುಕುಗಳ ಮಧ್ಯೆ ಅಂಗಾತ ಮಲಗ್ಕೊಂಡೇ. "ಒಣಗಿದ್ದೀನಿ ಅಂತ ನನ್ನ ಮಗ ಹೇಳೋವರೆಗೂ ನಾನು ಏಳಾಕಿಲ್ಲ!"

ಚಿಕ್ಕರಂಗ ಬಗ್ಗಿ ತಾಯಿ ಭುಜ ಹಿಡಿದ.

"ಮಗ್ಗುಲಾಗವ್ವಾ. ಆ ಕಡೇನೂ ಒಣಗಲಿ."